ಎರಡನೇ ಚರಣ

ಟೆಲ್ ಅವೀವ್
ಜನವರಿ 9

ಅಹುವಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದನ್ನು ಒಲೆಗೆ ಹಾಕಬೇಡ. ನಾವು ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಹೋದ ವಾರ, ನೀವೆಲ್ಲ ಕೂಡಿ ದುಡಿದು ಹಂಚಿಕೊಂಡು ಬದುಕುವ ಆ ಕಿಬ್ಬುಟ್ಸಿನ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಬ್ಬ ಹೆಂಗಸು, "ಅವಳು ಫೋನಿಗೆಲ್ಲ ಬರಲ್ಲಮ್ಮ, ಏನಿದ್ರೂ ಕಾಗದ ಬರಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ "ಕೊನೆಯ ಬಸ್ಸು" ಹಾಡನ್ನು ಟೆಲಿವಿಷನ್ನಿನವರಿಗೆ ಕಳಿಸಿದ್ದೆ. ಯುರೋಪಿನ ಹಾಡಿನ ಸ್ಪರ್ಧೆಗೆ ಈ ವರ್ಷ ನಮ್ಮ ದೇಶದಿಂದ ಯಾವ ಹಾಡು ಹೋಗಬೇಕು ಎಂದು ಆರಿಸುವ ಸುತ್ತಿಗೆ ಹನ್ನೆರಡು ಹಾಡು ತೆಗೆದುಕೊಂಡಿದ್ದಾರೆ. ನಮ್ಮದೂ ಒಂದು. ನಿನ್ನನ್ನು ಕೇಳದೆ ಕಳಿಸಿದ್ದು ತಪ್ಪು. ಕೇಳಿದ್ದರೆ ನೀನು ಉತ್ತರ ಕೊಡುತ್ತಿರಲಿಲ್ಲ, ನಾನು ಕಾಯುತ್ತಲೇ ಇರುತ್ತಿದ್ದೆ.

ನೆನಪಿದೆಯಲ್ಲ, ಅಫುಲಾದ ಬಸ್ ನಿಲ್ದಾಣ. ಸೈನ್ಯದ ಹಾಡುಗಾರರ ತಂಡದಲ್ಲಿದ್ದೆವು, ಇಬ್ಬರಿಗೂ ಹತ್ತೊಂಬತ್ತು. ಶುಕ್ರವಾರ ಮಧ್ಯಾಹ್ನ ಶಬ್ಬಾತ್‌ಗೆ ಮುಂಚಿನ ಕೊನೆಯ ಬಸ್ಸು ಕಣ್ಣೆದುರೇ ಹೋಯಿತು, ಇನ್ನು ಶನಿವಾರ ಸಂಜೆಯವರೆಗೆ ಬೇರೆ ಬಸ್ಸಿಲ್ಲ. ನೀನು ಸೂರ್ಯಕಾಂತಿ ಬೀಜದ ಪೊಟ್ಟಣ ಹರಿದು ಅದರ ಒಳಮೈಯಲ್ಲಿ ಪದ ಬರೆದೆ, ನಾನು ಬೆಂಚು ಬಡಿಯುತ್ತಾ ರಾಗ ಹಾಕಿದೆ. ಮೊದಲ ಚರಣ ನನ್ನದು, ಕೇಳುವವಳು. ಎರಡನೆಯದು ನಿನ್ನದು, ಉತ್ತರ ಹೇಳುವವಳು. ಆರು ವರ್ಷ ಹಾಗೇ ಹಾಡಿದೆವು.

ಸ್ಪರ್ಧೆಯಲ್ಲಿ ಹಾಡು ಮೂರು ನಿಮಿಷ ದಾಟುವ ಹಾಗಿಲ್ಲ. ನಮ್ಮದು ಮೂರು ನಿಮಿಷ ಐವತ್ತು ಸೆಕೆಂಡು. ವಾದ್ಯಮೇಳ ನಡೆಸುವವನು ಜೆಲಿಗ್ ಎಂಬಾತ. ಅವನು ಹೇಳಿದ: "ಎರಡನೇ ಚರಣ ತೆಗೆದುಬಿಡು. ಒಬ್ಳೇ ಹಾಡೋವಾಗ ಕೇಳೋಳೂ ನೀನೇ, ಹೇಳೋಳೂ ನೀನೇ ಆದ್ರೆ ಜನ ಏನಂದ್ಕೋತಾರೆ?"

ಪದ ನಿನ್ನವು. ಕತ್ತರಿಸಲು ನಿನ್ನ ಸಹಿ ಬೇಕು. ಕಾಗದ ಜೊತೆಗಿಟ್ಟಿದ್ದೇನೆ. ಒಪ್ಪದಿದ್ದರೆ ಹಾಡನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ, ಆಣೆ.

ಹೇಗಿದ್ದೀಯ ಎಂದು ಮೊದಲೇ ಕೇಳಬೇಕಿತ್ತು. ಹೇಗಿದ್ದೀಯ?

ಯೆಮೀಮಾ

*

ಗಿವತ್ ಶಾಕೆದ್
ಜನವರಿ 20

ಯೆಮೀಮಾ,

ಸಹಿ ಹಾಕಿದ ಕಾಗದ ಇದರಲ್ಲಿದೆ. ತೆಗೆದುಬಿಡಿ. ಜೆಲಿಗ್ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಕಚೇರಿಗೆ ಫೋನ್ ಮಾಡಬೇಡ. ಅಲ್ಲಿಂದ ನಮ್ಮ ಬಟ್ಟೆ ಒಗೆಯುವ ಮನೆಗೆ ಅರ್ಧ ಕಿಲೋಮೀಟರು. ಅಲ್ಲಿ ಫೋನೆತ್ತುವ ಫ್ರೀದಾಗೆ ಅರವತ್ತೆಂಟು ವರ್ಷ, ಮೊಣಕಾಲು ನೋವು. ಪ್ರತಿ ಸಲ ಓಡಿ ಬಂದು "ನಿನ್ನ ಗಾಯಕಿ ಕರೀತಿದಾಳೆ" ಎಂದು ಏದುಸಿರು ಬಿಡುತ್ತಾಳೆ.

ನಾನು ಚೆನ್ನಾಗಿದ್ದೇನೆ. ನಿಮ್ರೋದ್ ಹಸುಗಳ ಜೊತೆ, ಅವನ ಹೆಂಡತಿಯಾದ ನಾನು ಬಟ್ಟೆಗಳ ಜೊತೆ. ಮುನ್ನೂರು ಜನರ ಅಂಗಿ, ಲಂಗ, ಹೊದಿಕೆ. ಪ್ರತಿಯೊಂದರ ಕಾಲರಿನಲ್ಲೂ ಒಂದು ಸಂಖ್ಯೆ ಹೊಲಿದಿರುತ್ತದೆ. ಯಾರ ಮುಖ ನೋಡಿದರೂ ಈಗ ನನಗೆ ಸಂಖ್ಯೆಯೇ ಮೊದಲು ನೆನಪಾಗುತ್ತದೆ. ಯಂತ್ರಗಳ ಸದ್ದಿನಲ್ಲಿ ಇಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ಅದು ಒಳ್ಳೆಯದೇ.

"ಬಸ್ಸು ಹೋಯಿತು" ಎನ್ನುವಲ್ಲಿ "ಹೋಯಿತು" ಎಂಬುದನ್ನು ಎಳೆಯಬೇಡ. ನೀನು ಯಾವಾಗಲೂ ಎಳೆಯುತ್ತೀಯ. ಹೋದದ್ದನ್ನು ಥಟ್ಟನೆ ಹೇಳಬೇಕು.

ಅಹುವಾ

*

ಟೆಲ್ ಅವೀವ್
ಫೆಬ್ರವರಿ 2

ಅಹುವಾ, ಪ್ರಿಯೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಹತ್ತಿರ ಹರಿಯತೊಡಗಿದೆ. "ಹೋಯಿತು" ಎಳೆಯುವುದನ್ನು ಬಿಟ್ಟಿದ್ದೇನೆ. ಜೆಲಿಗ್‌ಗೆ ಸಂತೋಷ. ಯಾರು ಹೇಳಿಕೊಟ್ಟರೆಂದು ಅವನಿಗೆ ಹೇಳಲಿಲ್ಲ.

ನನ್ನ ಹಿಂದೆ ನಾಲ್ಕು ಜನ ಗಂಡಸರು ಬೆಳ್ಳಿ ಬಣ್ಣದ ಕೋಟು ಹಾಕಿಕೊಂಡು ಕುಣಿಯುತ್ತಾರೆ. ಇವರು ಯಾರು ಎಂದು ಕೇಳಿದರೆ "ಬಸ್ಸು" ಎನ್ನುತ್ತಾರೆ. ನನಗೆ ಹಳದಿ ಉಡುಪು. ಕನ್ನಡಿಯಲ್ಲಿ ನೋಡಿಕೊಂಡರೆ ಸಿಪ್ಪೆ ಸುಲಿಯದ ಬಾಳೆಹಣ್ಣಿನ ಹಾಗೆ ಕಾಣುತ್ತೇನೆ. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ನಿನ್ನ ಚರಣವಿದ್ದ ಜಾಗದಲ್ಲಿ ಈಗ ಕಹಳೆ ಊದುತ್ತಾರೆ. ಆ ಹೊತ್ತಿಗೆ ನನಗೇ ತಿಳಿಯದೆ ಬಲಕ್ಕೆ ತಿರುಗುತ್ತೇನೆ. ನಿನ್ನೆ ಜೆಲಿಗ್ ತಾಲೀಮು ನಿಲ್ಲಿಸಿದ.

"ಅಲ್ಲಿ ಯಾರನ್ನ ನೋಡ್ತೀಯಮ್ಮ? ಕ್ಯಾಮೆರಾ ಇರೋದು ಎದುರಿಗೆ."

"ಅಭ್ಯಾಸ" ಎಂದೆ.

"ಆರು ವರ್ಷದ ಅಭ್ಯಾಸ ಆರು ವಾರದಲ್ಲಿ ಬಿಡ್ಸೋಣ ಬಿಡು" ಎಂದ. ಕೆಟ್ಟವನಲ್ಲ.

ಒಂದು ಭಾನುವಾರ ನಾನು ಅಲ್ಲಿಗೆ ಬರಲೇ? ಊಟದ ಮನೆಯಲ್ಲಿ ಒಂದು ಮೂಲೆಯಲ್ಲಿ ಕೂತು ಎದ್ದು ಬರುತ್ತೇನೆ. ನೀನು ಮಾತಾಡಬೇಕೆಂದೂ ಇಲ್ಲ. ಡಾಕ್ಟರು ಈಗ ಏನು ಹೇಳುತ್ತಾರೆ? ಬರೆಯಲು ಇಷ್ಟವಿಲ್ಲದಿದ್ದರೆ ಬೇಡ.

ನಿನ್ನ
ಯೆಮೀಮಾ

*

ಟೆಲ್ ಅವೀವ್
ಮಾರ್ಚ್ 30

ಅಹುವಾ,

ಎರಡು ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಬರಲೇ ಎಂದು ಕೇಳಬಾರದಿತ್ತು.

ನಾವು ಗೆದ್ದೆವು. ಪತ್ರಿಕೆಯಲ್ಲಿ ನೋಡಿರುತ್ತೀಯ. "ಕೊನೆಯ ಬಸ್ಸು" ಹೋಗುತ್ತಿದೆ. ಮೇ ಐದನೇ ತಾರೀಖು, ಶನಿವಾರ. ಪದ ಬರೆದವರ ಹೆಸರು ಪರದೆಯ ಮೇಲೆ ಬಂತು, "ಅಹುವಾ ಖುಬಾನಿ". ನನ್ನ ಅಮ್ಮ ಹೈಫಾದಿಂದ ಫೋನ್ ಮಾಡಿ ಮೊದಲು ಕೇಳಿದ್ದೇ ನಿನ್ನನ್ನು. "ಆ ಯೆಮೆನಿ ಹುಡುಗಿ ಅತ್ಳೇನೇ?" ಎಂದು. ಗೊತ್ತಿಲ್ಲ ಎಂದೆ.

ಮಾರನೆಯ ಬೆಳಗಿನಿಂದ ಜನ ಫೋನು ಕೆಳಗಿಡಲು ಬಿಡಲಿಲ್ಲ. ಒಂದನೇ ಕ್ಲಾಸಿನ ಟೀಚರಿನಿಂದ ಹಿಡಿದು ಒಂದು ಸಲ ಕೈಕೊಟ್ಟು ಹೋದ ದಂತವೈದ್ಯನವರೆಗೆ. ಯಾರೋ ಒಬ್ಬ ಮುದುಕ ಕೂಡ ಮಾಡಿದ್ದ. ಗೊಗ್ಗರು ದನಿ, ಮರಳು ಸುರಿದ ಹಾಗೆ. "ಮಜಲ್ ಟೋವ್" ಎಂದು ಶುಭ ಹೇಳಿದ. "ಥ್ಯಾಂಕ್ಸ್ ಅಜ್ಜಾ, ಯಾರು ಮಾತಾಡ್ತಿರೋದು?" ಎಂದೆ. ಪೆಟ್ಟಿಗೆಯೊಳಗೆ ಟೋಕನ್ ಬಿದ್ದ ಸದ್ದು ಕೇಳಿಸಿತು, ಆಮೇಲೆ ಲೈನು ಹೋಯಿತು. ಪಾಪ, ಯಾರೋ ಹಾಡಿನ ಹುಚ್ಚಿನವನು, ಬೀದಿಯ ಫೋನಿನಿಂದ ಮಾಡಿದ್ದಾನೆ ಎಂದುಕೊಂಡೆ.

ಅಷ್ಟು ಜನ ಮಾಡಿದರು. ನಾನು ಕಾದದ್ದು ಒಬ್ಬಳಿಗೆ. ದೂರುತ್ತಿಲ್ಲ.

ಯೆಮೀಮಾ

*

ಗಿವತ್ ಶಾಕೆದ್
ಏಪ್ರಿಲ್ 8

ಯೆಮೀಮಾ,

ನೀನು ಗೆದ್ದದ್ದು ನನಗೆ ಸಂತೋಷ. ನಾವೆಲ್ಲ ಊಟದ ಮನೆಯ ಟಿ.ವಿ.ಯಲ್ಲಿ ನೋಡಿದೆವು. ಹಳದಿ ಉಡುಪು ನೀನು ಹೇಳಿದಷ್ಟು ಕೆಟ್ಟದಾಗಿಲ್ಲ. ಬೆಳ್ಳಿ ಕೋಟಿನವರು ಕೆಟ್ಟದಾಗಿದ್ದರು.

ನನ್ನ ಅಭಿನಂದನೆ ನಿನಗೆ ತಲುಪಿದೆ ಎಂದುಕೊಂಡಿದ್ದೆ. ಇರಲಿ.

ಪೆಸಾಹ್ ಹಬ್ಬ ಹತ್ತಿರ ಬಂತು. ಊರಿಗೆ ಊರೇ ಪರದೆ, ಮೇಜುಬಟ್ಟೆ ಎಲ್ಲ ತಂದು ನಮ್ಮ ಬಾಗಿಲಿಗೆ ಸುರಿಯುತ್ತಿದೆ. ಕೈ ಬಿಡುವಿಲ್ಲ. ಅದಕ್ಕೇ ಬರೆಯಲಾಗಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ನಿಜವಲ್ಲ.

ನಾಲ್ಕು ವರ್ಷದಿಂದ ಒಂದು ಮಾತು ಕೇಳಬೇಕೆಂದಿದ್ದೆ. ಡಾಕ್ಟರು ಗಂಟಲು ಕುಯ್ದ ಮೇಲೆ ಆಸ್ಪತ್ರೆಯಲ್ಲಿ ಮೂರು ವಾರವಿದ್ದೆ. ನೀನು ಬಂದದ್ದು ಒಂದೇ ಸಲ, ಅವರು ನನಗೆ ಮಾತಾಡಬಾರದೆಂದು ಹೇಳಿದ್ದ ದಿನ. ದ್ರಾಕ್ಷಿ ತಂದಿದ್ದೆ, ನನಗೆ ನುಂಗಲಾಗದೆಂದು ನೀನೇ ಎಲ್ಲ ತಿಂದೆ. ಆಮೇಲೆ ಬರಲಿಲ್ಲ. ಹತ್ತನೇ ದಿನ ಪಕ್ಕದ ಹಾಸಿಗೆಯವಳ ತಂಗಿ ಬಂದು ಹೇಳಿದಳು, ನೆತನ್ಯಾದ ಒಂದು ಮದುವೆಯಲ್ಲಿ ನೀನು ಬೇರೊಬ್ಬಳ ಜೊತೆ ನಮ್ಮ ಹಾಡು ಹಾಡಿದೆಯಂತೆ, ಬಹಳ ಚೆನ್ನಾಗಿತ್ತಂತೆ.

ಬೇಕಾದರೆ ಉತ್ತರ ಬರಿ. ಇಲ್ಲದಿದ್ದರೆ ಸ್ಪರ್ಧೆ ಮುಗಿಸಿಕೊಂಡು ಬಾ.

ಅಹುವಾ

*

ಟೆಲ್ ಅವೀವ್
ಏಪ್ರಿಲ್ 13

ಅಹುವಾ,

ಹಾಡಿದ್ದು ನಿಜ. ಒಪ್ಪಿಕೊಂಡ ಮದುವೆ ಅದು, ಮದುಮಗಳು ಅತ್ತುಬಿಟ್ಟಳು. ಅವಳ ಕಡೆಯವರೇ ಒಬ್ಬ ಹುಡುಗಿಯನ್ನು ನನ್ನ ಪಕ್ಕ ನಿಲ್ಲಿಸಿದರು. ನಿನ್ನ ಚರಣ ಬಂದಾಗ ಅವಳು ಚೆನ್ನಾಗಿಯೇ ಹಾಡಿದಳು. ಇದು ನೆಪವಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಆಸ್ಪತ್ರೆಗೆ ನಾನು ಒಂದು ಸಲ ಬಂದದ್ದಲ್ಲ, ಮೂರು ಸಲ. ಎರಡನೇ ಸಲ ನಿನ್ನ ವಾರ್ಡಿನ ಬಾಗಿಲವರೆಗೂ ಬಂದಿದ್ದೆ. ದಾದಿ ಹೊರಗೆ ಬಂದು, "ಒಳ್ಳೇ ದಿನ ಬಂದಿದೀಯ, ಇವತ್ತಿಂದ ಮಾತಾಡ್ಬಹುದು ಅಂದಿದಾರೆ" ಎಂದಳು. ಅದನ್ನು ಕೇಳಿ ನಾನು ಅಲ್ಲಿಂದಲೇ ತಿರುಗಿ ಮೆಟ್ಟಿಲಿಳಿದೆ. ಮೂರನೇ ಸಲ ಗೇಟಿನ ಹತ್ತಿರ ಹೂವಿನವನ ಪಕ್ಕ ಒಂದು ಗಂಟೆ ನಿಂತೆ. ನಿನ್ನ ಹೊಸ ದನಿ ಕೇಳಿದರೆ ಹಳೆಯದು ನನ್ನ ಕಿವಿಯಿಂದ ಹೋಗಿಬಿಡುತ್ತದೆ ಎಂಬ ಹೆದರಿಕೆ. ಎಂಥ ಮೂರ್ಖಳು ನೋಡು, ಕಾಯಿಲೆ ನಿನಗೆ, ಹೆದರಿಕೆ ನನಗೆ. ಆಮೇಲೆ ನಾಚಿಕೆಯಿಂದ ಬರಲಾಗಲಿಲ್ಲ. ವರ್ಷ ಕಳೆದಂತೆ ನಾಚಿಕೆ ಬೆಳೆಯಿತು.

ಅಭಿನಂದನೆ ತಲುಪಿರಬೇಕು ಎಂದು ಬರೆದಿದ್ದೀಯ. ಯಾವ ಕಾಗದವೂ ಬಂದಿಲ್ಲ ಕಣೇ. ಟಪಾಲಿನಲ್ಲಿ ಎಲ್ಲೋ ಕಳೆದುಹೋಗಿದೆ. ಮತ್ತೊಮ್ಮೆ ಬರಿ, ಒಂದೇ ಸಾಲು ಸಾಕು.

ಯೆಮೀಮಾ

*

ಗಿವತ್ ಶಾಕೆದ್
ಏಪ್ರಿಲ್ 21

ಯೆಮೀಮಾ,

ಕಳೆದದ್ದು ಕಾಗದವಲ್ಲ. ಆ ಮುದುಕ ನಾನೇ.

ನೀನು ಗೆದ್ದ ಮಾರನೆಯ ದಿನ ಬಸ್ಸು ಹತ್ತಿ ಅಫುಲಾಕ್ಕೆ ಹೋದೆ. ಕಚೇರಿಯ ಫೋನಿನಲ್ಲಿ ಮಾತಾಡಿದರೆ ಊರೆಲ್ಲ ಕೇಳುತ್ತದೆ. ಹೋಗುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಏನು ಹೇಳಬೇಕೆಂದು ಮೆಲ್ಲಗೆ ಹೇಳಿಕೊಂಡೆ. ದೊಡ್ಡ ಮಾತುಗಳೇನೂ ಅಲ್ಲ. ಎರಡು ಪದ ಹೇಳುವಷ್ಟರಲ್ಲಿ ನೀನು "ಅಜ್ಜಾ" ಎಂದೆ. ಮುಂದಿನದು ಹೊರಡಲಿಲ್ಲ.

ಅಳಬೇಡ. ನೀನು ಮರ್ಯಾದೆಯಿಂದಲೇ ಕೇಳಿದೆ. ಆಗ ಬಟ್ಟೆ ಮನೆಯಲ್ಲೇ ಇದ್ದ ಫ್ರೀದಾ ಕೂಡ ನಾನು ಕೆಲಸಕ್ಕೆ ಬಂದ ಮೊದಲ ದಿನ ಬಾಗಿಲ ಹಿಂದಿನಿಂದ ನನ್ನ ದನಿ ಕೇಳಿ, "ಗಂಡಸ್ರ ಬಟ್ಟೆ ಆ ಕಡೆ ಇಡಪ್ಪ" ಎಂದಿದ್ದಳು. ಈಗ ಅದನ್ನು ನೆನೆಸಿಕೊಂಡು ಇಬ್ಬರೂ ನಗುತ್ತೇವೆ.

ಇದನ್ನು ಹೇಳುವುದು ಬೇಡವೆಂದಿದ್ದೆ. ಆದರೆ ನೀನು ಬಾಗಿಲವರೆಗೆ ಬಂದು ತಿರುಗಿಹೋದದ್ದನ್ನು ಹೇಳಿದೆ. ಹಾಗಿರುವಾಗ ನಾನು ಮುಚ್ಚಿಡುವುದು ಸರಿಯಲ್ಲ.

ಇನ್ನು ಸ್ಪರ್ಧೆಯವರೆಗೆ ಬರೆಯಬೇಡ. ಬಿಸಿನೀರು ಕುಡಿ, ಗಂಟಲು ನೋಡಿಕೋ.

ಅಹುವಾ

*

ಹೋಟೆಲಿನಿಂದ
ಮೇ 3

ಅಹುವಾ,

ಇದು ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹತ್ತು ದಿನದಿಂದ ಬರೆದು ಹರಿದು ಹಾಕುತ್ತಿದ್ದೇನೆ. ನೀನು ಅಳಬೇಡ ಎಂದದ್ದರಿಂದ ಅದರ ವಿಷಯ ಬರೆಯುವುದಿಲ್ಲ.

ಇಲ್ಲಿ ಸಂಜೆ ಒಂಬತ್ತಾದರೂ ಬೆಳಕು. ಬೆಣ್ಣೆ ಹಚ್ಚಿದ ಮೀನು ಬಿಟ್ಟು ತಿನ್ನಲು ಏನೂ ಕೊಡುವುದಿಲ್ಲ. ಪತ್ರಕರ್ತರು ಹಾಡಿನ ಅರ್ಥ ಕೇಳುತ್ತಾರೆ. ಬಸ್ಸು ತಪ್ಪಿಸಿಕೊಂಡ ಹುಡುಗಿ, ಅಂಗಡಿಗಳು ಮುಚ್ಚಿವೆ, ಯಾರು ಮನೆಗೆ ಕರೆದೊಯ್ಯುತ್ತಾರೆ ಎಂದು ಕೇಳುತ್ತಾಳೆ ಎಂದೆ. ಫಿನ್ಲೆಂಡಿನ ಒಬ್ಬಾಕೆ ಬರೆದುಕೊಳ್ಳುತ್ತಾ ಕೇಳಿದಳು: "ಆಮೇಲೆ? ಯಾರಾದ್ರೂ ಬಂದ್ರಾ?"

"ಅಷ್ಟೇ ಇರೋದು" ಎಂದೆ.

"ಪಾಪ" ಎಂದಳು.

ಇಲ್ಲಿ ಯಾರಿಗೂ ನಮ್ಮ ಭಾಷೆಯ ಒಂದು ಪದವೂ ಬರುವುದಿಲ್ಲ. ನಾನು ತರಕಾರಿ ಪಟ್ಟಿ ಹಾಡಿದರೂ ಅಷ್ಟೇ ಚಪ್ಪಾಳೆ ತಟ್ಟುತ್ತಾರೆ.

ಯೆಮೀಮಾ

*

ಗಿವತ್ ಶಾಕೆದ್
ಮೇ 6

ಯೆಮೀಮಾ,

ನಾನು ಹೇಳುವುದನ್ನು ಪೂರ್ತಿ ಓದು, ಮಧ್ಯದಲ್ಲಿ ನಿಲ್ಲಿಸಬೇಡ.

ನಿನ್ನೆ ಊಟದ ಮನೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಮಕ್ಕಳು ಮುಂದೆ ನೆಲದ ಮೇಲೆ. ಒಂದು ತಿಂಗಳಿಂದ ರೇಡಿಯೋದಲ್ಲಿ ಕೇಳಿ ಕೇಳಿ ಎಲ್ಲರಿಗೂ ಹಾಡು ಬಾಯಿಪಾಠ. ನೀನು ಬಂದು ನಿಂತೆ. ವಾದ್ಯ ಶುರುವಾಯಿತು. "ಬಸ್ಸು ಹೋಯಿತು" ಎಂದು ಮಕ್ಕಳು ನಿನಗಿಂತ ಮೊದಲೇ ಎತ್ತಿಕೊಂಡರು. ನೀನು ಮಾತ್ರ ಬೇರೆ ಹಾಡಿದೆ.

"ದೂರ ಹೋಗಿಲ್ಲ, ಧೂಳಿನ್ನೂ ಅಡಗಿಲ್ಲ,
ಚಪ್ಪಲಿ ಕಳಚಿ ಕೈಯಲ್ಲಿ ಹಿಡಿ.
ಒಬ್ಬಳೇ ಆದರೆ ಊರು ದೂರ,
ನಾನೂ ಬರುತ್ತೇನೆ, ನಡಿ."

ಮಕ್ಕಳು ನಿಲ್ಲಿಸಿದರು. ಟಿ.ವಿ.ಯಲ್ಲಿ ವಿವರಣೆ ಕೊಡುವವನು, "ಅಯ್ಯೋ, ಪದ ಮರೆತುಬಿಟ್ಟಳು ಅಂತ ಕಾಣುತ್ತೆ, ಬಾಯಿಗೆ ಬಂದದ್ದು ಹಾಡುತ್ತಿದ್ದಾಳೆ" ಎಂದ. ನಮ್ಮ ಟ್ರಾಕ್ಟರಿನವನೊಬ್ಬ, "ಮಾನ ಹೋಯ್ತು ನಮ್ದು" ಎಂದ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಿಮ್ರೋದ್ ನನ್ನ ಕಡೆ ನೋಡಿದ. ಹೀಗೊಂದು ಚರಣವಿತ್ತೆಂದು ಅವನಿಗೆ ಮಾತ್ರ ಗೊತ್ತು.

ನಾನು ಎದ್ದು ನಿಂತೆ. "ಮರೆತಿಲ್ಲ. ಅದು ನನ್ನ ಚರಣ" ಎಂದೆ. ನನ್ನಿಂದ ಆದಷ್ಟು ಗಟ್ಟಿಯಾಗಿ. ಗದ್ದಲ ನಿಂತಿತು. ಅಲ್ಲಿದ್ದವರಲ್ಲಿ ಅರ್ಧ ಜನ ನಾಲ್ಕು ವರ್ಷದಲ್ಲಿ ಮೊದಲ ಬಾರಿ ನನ್ನ ದನಿ ಕೇಳಿದ್ದು. ನೆಲದ ಮೇಲೆ ಕೂತಿದ್ದ ಒಂದು ಮಗು ತಿರುಗಿ ಹೆದರಿ ನೋಡಿತು. ಟ್ರಾಕ್ಟರಿನವನು ಟೋಪಿ ತೆಗೆದು, "ಹಾಗಾದ್ರೆ ಸುಮ್ನಿರಿ, ಕೇಳೋಣ" ಎಂದ. ಅಷ್ಟರಲ್ಲಿ ನಿನ್ನ ಚರಣ ಮುಗಿದು ಕಹಳೆ ಊದುತ್ತಿದ್ದರು. ನಿನ್ನದಲ್ಲ, ನನ್ನ ಚರಣ.

ಈಗ ಉಳಿದದ್ದು. ನನಗೆ ಸಂತೋಷವಾಯಿತು ಎಂದು ನೀನು ತಿಳಿದಿರಬಹುದು. ಕೋಪ ಬಂತು. ತೆಗೆಯಲು ಸಹಿ ಕೇಳಿದವಳು ಹಾಕಲು ಕೇಳಲಿಲ್ಲ. ನನಗೆಂದು ಉಳಿದಿದ್ದ ನಾಲ್ಕು ಸಾಲು ಅವು. ಯಾರೂ ಹಾಡದೆ, ಯಾರೂ ಕೇಳದೆ ಇದ್ದವು, ಅದಕ್ಕೇ ನನ್ನವಾಗಿದ್ದವು. ಈಗ ಅವೂ ನಿನ್ನ ದನಿಯಲ್ಲಿವೆ. ರಾತ್ರಿ ಹಾಸಿಗೆಯಲ್ಲಿ ಮನಸ್ಸಿನಲ್ಲೇ ಹಾಡಿಕೊಂಡರೆ ನಿನ್ನ ದನಿಯೇ ಬಂತು. ಹೊಟ್ಟೆಕಿಚ್ಚಾಯಿತು. ಬರೆಯಲು ನಾಚಿಕೆಯಿಲ್ಲ.

ಮತ್ತೆ, "ಧೂಳು" ಎನ್ನುವಲ್ಲಿ ಗಂಟಲಾಳದಿಂದ ತೆಗೆಯಬೇಕಾದ ಅಕ್ಷರ, ಯೆಮೆನಿನ ನಮ್ಮ ಅಜ್ಜಿಯರು ತೆಗೆಯುತ್ತಿದ್ದ ಹಾಗೆ, ನೀನು ಪ್ರಯತ್ನಪಟ್ಟೆ. ನನ್ನ ಹಾಗೆ ಹೇಳಲು ಹೋದೆ ಎಂದು ಗೊತ್ತಾಯಿತು. ಬಿಕ್ಕಳಿಕೆಯ ಹಾಗೆ ಕೇಳಿಸಿತು. ನಿನ್ನ ರೊಮೇನಿಯದ ಗಂಟಲಿಗೆ ಅದು ಬರುವುದಿಲ್ಲ, ಬಿಡು. ವಿಚಿತ್ರ ನೋಡು, ಇಷ್ಟೆಲ್ಲ ಕುಯ್ದು ಹಾಕಿದರೂ ಆ ಅಕ್ಷರ ಮಾತ್ರ ನನ್ನಲ್ಲಿ ಮೊದಲಿನ ಹಾಗೇ ಇದೆ.

ಹದಿನಾಲ್ಕನೇ ಸ್ಥಾನವಂತೆ. ಪೋರ್ಚುಗಲ್ಲಿನವರು ಏಕೆ ಅಷ್ಟು ಅಂಕ ಕೊಟ್ಟರೋ ತಿಳಿಯಲಿಲ್ಲ.

ಅಹುವಾ

*

ಟೆಲ್ ಅವೀವ್
ಮೇ 15

ಅಹುವಾ,

ಪೂರ್ತಿ ಓದಿದೆ. ಮಧ್ಯದಲ್ಲಿ ನಿಲ್ಲಿಸಲಿಲ್ಲ. ನೀನು ಕೋಪಿಸಿಕೊಂಡದ್ದು ನ್ಯಾಯ.

ಪತ್ರಿಕೆಗಳು ನನ್ನನ್ನು "ಮರೆಗುಳಿ" ಎಂದು ಬರೆದಿವೆ, ನೋಡಿರುತ್ತೀಯ. ಜೆಲಿಗ್ ವಿಮಾನದಲ್ಲಿ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಮಾತ್ರ, "ನಿಜ ಹೇಳು, ಮರೆತೆಯಾ?" ಎಂದ. ಹೌದು ಎಂದೆ. "ಸುಳ್ಳಿ" ಎಂದು ನನ್ನ ಪೆಟ್ಟಿಗೆ ಎತ್ತಿಕೊಂಡು ನಡೆದ. ಪತ್ರಿಕೆಯವರಿಗೂ ಮರೆತೆನೆಂದೇ ಹೇಳಿದೆ. ಅದು ನಿನ್ನ ಚರಣ ಎಂದರೆ ಅವರು ನಿಮ್ಮ ಬಾಗಿಲಿಗೆ ಬರುತ್ತಾರೆ.

ನಿನಗೆ ಕಾಣಿಕೆ ಕೊಡಬೇಕೆಂದು ಹಾಡಿದ್ದು ಎಂದು ತಿಳಿಯಬೇಡ. ಮೊದಲೇ ಯೋಚಿಸಿರಲಿಲ್ಲ. ವಾದ್ಯ ಶುರುವಾದಾಗ ಬಲಕ್ಕೆ ತಿರುಗಿದೆ. ಫಿನ್ಲೆಂಡಿನವಳು "ಪಾಪ" ಎಂದದ್ದು ನೆನಪಾಯಿತು. ನಾಲ್ಕು ತಿಂಗಳಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೆ, ಕೇಳಿ ಕೇಳಿ ಸಾಕಾಗಿತ್ತು. ಬಾಯಿ ತೆರೆದಾಗ ಬಂದದ್ದು ನಿನ್ನದು. ನನಗೆ ಬೇಕಾಗಿದ್ದರಿಂದ ಹಾಡಿದೆ. ಅದು ಕಾಣಿಕೆಯಲ್ಲ, ಕಳವು. ನೀನು ಹೇಳಿದ್ದು ಸರಿ.

ಇನ್ನು ಅದನ್ನು ಎಲ್ಲೂ ಹಾಡುವುದಿಲ್ಲ. ನಿನ್ನ ದನಿ ನಿನ್ನ ಮನಸ್ಸಿಗೆ ಮರಳುವವರೆಗೆ ಮೊದಲ ಚರಣವನ್ನೂ ಹಾಡುವುದಿಲ್ಲ.

ನನ್ನ ಫೋನ್ ಸಂಖ್ಯೆ ಬದಲಾಗಿಲ್ಲ. ಬೆಳಿಗ್ಗೆ ಮನೆಯಲ್ಲಿರುತ್ತೇನೆ. ಇಷ್ಟು ಮಾತ್ರ ಹೇಳುತ್ತೇನೆ, ಬೇರೇನೂ ಕೇಳುವುದಿಲ್ಲ.

ನಿನ್ನ
ಯೆಮೀಮಾ

*

ಟೆಲ್ ಅವೀವ್
ಮೇ 27

ಅಹುವಾ,

ನೀನು ಫೋನ್ ಇಟ್ಟು ಒಂದು ಗಂಟೆಯೂ ಆಗಿಲ್ಲ. ಇಷ್ಟರಲ್ಲಿ ನೀನು ಇನ್ನೂ ಬಸ್ಸಿನಲ್ಲಿರಬೇಕು.

ಈ ಸಲ ಹೇಗೆ ಗುರುತಿಸಿದೆ ಎಂದು ಕೇಳಿದೆ. ನಾನು ಉತ್ತರ ಹೇಳುವಷ್ಟರಲ್ಲಿ ನಿನ್ನ ಟೋಕನ್‌ಗಳು ಮುಗಿದವು. ಅದಕ್ಕೇ ಬರೆಯುತ್ತಿದ್ದೇನೆ. ನೀನು "ನಾನು ಕಣೇ" ಎನ್ನುವುದಕ್ಕೆ ಮೊದಲೇ ಗೊತ್ತಾಯಿತು. ಮಾತಿಗೆ ಮುಂಚೆ ನೀನು ಉಸಿರು ತೆಗೆದುಕೊಂಡೆ, ಮೂಗಿನಿಂದ, ಚಿಕ್ಕದು, ಅವಸರದ್ದು. ಆರು ವರ್ಷ ಆ ಉಸಿರು ಕೇಳಿದ ಮೇಲೇ ನಾನು ಬಾಯಿ ತೆರೆಯುತ್ತಿದ್ದೆ. ಜನ ನಾವು ಹೇಗೆ ಒಟ್ಟಿಗೆ ಶುರು ಮಾಡುತ್ತೇವೆ ಎಂದು ಆಶ್ಚರ್ಯಪಡುತ್ತಿದ್ದರು. ನಾನು ಯಾರಿಗೂ ಹೇಳಿರಲಿಲ್ಲ, ನಿನಗೂ. ಹೋದ ಸಲ ಮನೆ ತುಂಬ ಜನ, ಗದ್ದಲ. ಕೇಳಿಸಿರಲಿಲ್ಲ.

ಅದೊಂದು ಬದಲಾಗಿಲ್ಲ ಅಹುವಾ. ಅದನ್ನು ಯಾವ ಡಾಕ್ಟರೂ ಮುಟ್ಟಿಲ್ಲ.

ನಾನು ಏನು ಮಾತಾಡಿದೆನೋ ನೆನಪಿಲ್ಲ. ನೀನು ಹೇಳಿದ್ದೆಲ್ಲ ನೆನಪಿದೆ. ನಿಮ್ರೋದ್‌ನ ಹಸು ಅವಳಿ ಕರು ಹಾಕಿದೆ. ಫ್ರೀದಾಳ ಮೊಣಕಾಲಿಗೆ ಮುಲಾಮು ಬೇಕು, ಟೆಲ್ ಅವೀವ್‌ನಲ್ಲಿ ಮಾತ್ರ ಸಿಗುತ್ತದೆ. ನಾಳೆ ಔಷಧಿ ಅಂಗಡಿಗೆ ಹೋಗುತ್ತೇನೆ. ಟಪಾಲಿನಲ್ಲಿ ಕಳಿಸಲೇ ಎಂದು ನಾನು ಕೇಳಿದೆ. ನೀನು "ಟಪಾಲಲ್ಲಿ ಟ್ಯೂಬು ಒಡೆದು ಹೋಗುತ್ತೆ" ಎಂದೆ.

ಹಾಗಾದರೆ ಕೈಯಲ್ಲೇ ತರುತ್ತೇನೆ.

ಯೆಮೀಮಾ